ಮುಚ್ಚಳ ಹಾಕಿದ ಡಬ್ಬಿ

ಎರಡನೇ ಫ್ರೀ ಥ್ರೋಗೆ ರೆಫರಿ ಬ್ಯಾಸ್ಕೆಟ್‌ಬಾಲನ್ನು ಅವಳ ಕೈಗಿಟ್ಟು ಹಿಂದೆ ಸರಿದ ಕೂಡಲೇ, ರಿಂಗಿನ ಹಿಂದಿನ ಗ್ಯಾಲರಿಯಲ್ಲಿ ಕೂತಿದ್ದ ಎದುರಾಳಿ ಕಾಲೇಜಿನವರೆಲ್ಲ ಎದ್ದು ಕೈ ಬೀಸತೊಡಗಿದರು. ಅವಳಿಗೆ ನಗು ಬಂತು. ಗುರಿ ತಪ್ಪಿಸಲು ಪ್ರತಿ ಪಂದ್ಯದಲ್ಲೂ ಇದೇ ಗಲಾಟೆ. ಸ್ಕೋರು ಸಮವಾಗಿತ್ತು, ಇದೊಂದು ಬಿದ್ದರೆ ಗೆಲುವು.

"ನೋಡಮ್ಮಾ, ಅವರು ಬಾಯಿ ಬಡ್ಕೊಳ್ಲಿ, ಕುಣೀಲಿ. ಎಲ್ಲಾನೂ ಒಂದು ಡಬ್ಬಿಗೆ ತುಂಬಿ ಮುಚ್ಚಳ ಹಾಕಿಬಿಡು. ಬಾಲು, ರಿಂಗು, ನೀನು. ಬೇರೇನೂ ಇಲ್ಲ" ಎಂದು ಕೋಚ್ ವರ್ಷವಿಡೀ ಅವಳ ತಲೆಗೆ ತುಂಬಿದ್ದರು. ಆ ವಿದ್ಯೆ ಕೈಗೆ ಹತ್ತಿದ ಮೇಲೆ ಅವಳ ಗುರಿ ತಪ್ಪಿದ್ದೇ ಅಪರೂಪ. ಗೆಳತಿಯರು ಅವಳನ್ನು ಬಂಡೆ ಎಂದೇ ಕರೆಯುತ್ತಿದ್ದರು. ಎದುರಾಳಿಗಳೂ ಆ ಹೆಸರು ಕಲಿತಿದ್ದರು.

ಬಂಡೆ ಬಾಲನ್ನು ನೆಲಕ್ಕೆ ಕುಟ್ಟಿದಳು. ಛಾವಣಿಯ ದೊಡ್ಡ ದೀಪದ ಸರಪಳಿ ಕಿರುಗುಟ್ಟಿತು. ಡಬ್ಬಿಗೆ ಹಾಕಿದಳು. ಬಾಲಿನ ಮೇಲೆ ಚಿಟಿಕೆಯಷ್ಟು ಸುಣ್ಣದ ಪುಡಿ ಉದುರಿತು, ಊದಿದಳು. ಕಾಲ ಬಳಿ ಅವಳದೇ ನೆರಳು ಅತ್ತಿತ್ತ ತೂಗಾಡುತ್ತಿತ್ತು. ಅದನ್ನೂ ಡಬ್ಬಿಗೆ ಹಾಕಿದಳು. "ಬಂಡೇ, ಬಾರೇ ಈಚೆ!" ಎಂದು ಯಾರೋ ಕಿರುಚಿದರು. ಮುಚ್ಚಳವನ್ನು ಇನ್ನಷ್ಟು ಬಿಗಿದಳು. ಇಡೀ ಅಂಗಣ ಬಾವಿಯ ತಳದಂತೆ ನಿಶ್ಶಬ್ದವಾಯಿತು.

ಎಸೆದಳು. ಬಾಲು ರಿಂಗಿಗೆ ತಾಗದೆ ಬಲೆಯೊಳಗೆ ಜಾರಿತು. ಗೆದ್ದೆ ಎಂದು ತಿರುಗಿದರೆ, ಕೋಚ್ ಬೆಂಚು ಬಿಟ್ಟು ಅವಳತ್ತ ಓಡಿ ಬರುತ್ತಿದ್ದರು. ಅವರ ಬಾಯಿ ಅಗಲವಾಗಿ ತೆರೆದಿತ್ತು, ಮಾತು ಮಾತ್ರ ಕೇಳಿಸಲಿಲ್ಲ. ಗ್ಯಾಲರಿಯಲ್ಲಿ ಒಂದು ಕೈಯೂ ಇನ್ನೂ ಕೆಳಗಿಳಿದಿರಲಿಲ್ಲ. ಅವು ಬೀಸುತ್ತಿರಲಿಲ್ಲ. ಎಲ್ಲವೂ ಅವಳ ನೆತ್ತಿಯ ಮೇಲಕ್ಕೆ ತೋರಿಸುತ್ತಿದ್ದವು.