ಹಸಿರು ದೀಪದ ಡಬ್ಬಿ

ಗಂಡ ತೀರಿಕೊಂಡ ಮೇಲೆ ಕಸ್ತೂರಿಗೆ ಉಳಿದದ್ದು ಬಾಡಿಗೆಗೆ ಓಡುವ ಒಂದು ಜೀಪು. ಅದನ್ನು ಓಡಿಸುತ್ತಿದ್ದವನು ಗಂಡನ ಗೆಳೆಯ ಫಕೀರಪ್ಪ. ಹೆಣಕ್ಕೆ ಹೆಗಲು ಕೊಟ್ಟವನು ಅವನೇ. ಅವಳು ಅವನನ್ನು ಅಣ್ಣಾ ಎಂದೇ ಕರೆಯುತ್ತಿದ್ದಳು.

ಜೀಪು ವಿಪರೀತ ಡೀಸೆಲ್ ಕುಡಿಯುತ್ತಿತ್ತು.

“ಎಂಜಿನ್ ಹಳೇದಾತು ತಂಗೀ, ಮಾರಿಬಿಡು,” ಎನ್ನುತ್ತಿದ್ದ ಫಕೀರಪ್ಪ.

ಮಾರಲು ಅವಳಿಗೆ ಮನಸ್ಸಾಗಲಿಲ್ಲ. ಸಂತೆಯಲ್ಲಿ ಡೀಸೆಲ್ ಉಳಿಸುವ ಡಬ್ಬಿ ಎಂದು ಒಬ್ಬ ಮಾರುತ್ತಿದ್ದುದನ್ನು ತಂದು, ಜೀಪಿನಲ್ಲಿ ಮೊಬೈಲ್ ಚಾರ್ಜ್ ಮಾಡುವ ಜಾಗಕ್ಕೆ ತಾನೇ ಸಿಕ್ಕಿಸಿದಳು. ಡಬ್ಬಿಯ ಮೇಲೆ ಹಸಿರು ದೀಪ ಮಿನುಗಿತು.

ಲೀಟರಿಗೆ ಒಂಬತ್ತು ಕಿಲೋಮೀಟರ್ ಓಡುತ್ತಿದ್ದ ಜೀಪು ಆ ವಾರದಿಂದಲೇ ಹದಿಮೂರು ಓಡತೊಡಗಿತು. ಕಸ್ತೂರಿ ಓಣಿಯ ತುಂಬ ಹೇಳಿಕೊಂಡು ಬಂದಳು. ಅವಳ ಮಾತು ನಂಬಿ ನಾಲ್ಕು ಜನ ಅದೇ ಡಬ್ಬಿ ಕೊಂಡರು. ಯಾರ ಗಾಡಿಯಲ್ಲೂ ಒಂದು ಹನಿ ಡೀಸೆಲ್ಲೂ ಉಳಿತಾಯವಾಗಲಿಲ್ಲ.

ಎಲ್ಲರೂ ಬೈದಾಗ ಅವಳು ಫಕೀರಪ್ಪನನ್ನು ಕರೆದುಕೊಂಡು ಮೆಕ್ಯಾನಿಕ್ ಹತ್ತಿರ ಹೋದಳು. ಮೆಕ್ಯಾನಿಕ್ ಡಬ್ಬಿ ಬಿಚ್ಚಿ ತೋರಿಸಿದ.

“ಇದರಾಗ ಒಂದು ದೀಪ ಐತಿ ನೋಡ್ರಿ ಅಕ್ಕಾರ. ಮತ್ತೇನೂ ಇಲ್ಲ.”

ಕಸ್ತೂರಿಯ ಕಣ್ಣಲ್ಲಿ ನೀರು ಬಂತು.

“ಆ ಸಂತಿಯವ ನನಗ ಎಂಥಾ ಮೋಸ ಮಾಡಿದ್ನೋ ಅಣ್ಣಾ!”

ಫಕೀರಪ್ಪನಿಗೆ ಅದು ಕೇಳಿಸಲೇ ಇಲ್ಲ. ಬಿಚ್ಚಿದ ಡಬ್ಬಿಯನ್ನೇ ದಿಟ್ಟಿಸುತ್ತ ಅವನು ಮೆಕ್ಯಾನಿಕ್‌ನನ್ನು ಕೇಳಿದ:

“ಅಂದ್ರ, ಟ್ಯಾಂಕಿನಿಂದ ಡೀಸೆಲ್ ತಗದ್ರ ಇದು ತೋರಸೂದಿಲ್ಲೇನು?”