ಬೂದಿ ಹರಡಿದ ನೆಲ

ಕಾಲು ಕಳೆದುಕೊಂಡವರು ನಡಿಗೆ ಅಭ್ಯಾಸ ಮಾಡುವ ಆಸ್ಪತ್ರೆಯ ಆ ಕೋಣೆಯಲ್ಲಿ ದಿನವೂ ನೆಲಕ್ಕೆ ತೆಳ್ಳಗೆ ಬೂದಿ ಹರಡುತ್ತಿದ್ದರು. ನೀಲವ್ವ ರಬ್ಬರಿನ ಕಾಲು ಬಿಗಿದುಕೊಂಡು ಅದರ ಮೇಲೆ ನಡೆದಳು. ಪಟ್ಟೇದ ಎಂಬ ಡಾಕ್ಟರು ಅವಳ ತೋಳು ಹಿಡಿದು ಪಕ್ಕದಲ್ಲೇ ಬರಿಗಾಲಲ್ಲಿ ಬಂದರು.

“ನಿಮ್ಮ ಕಾಲಿನ ಗುರುತು ಮೂಡೋದು ನಿಂತುಹೋದಾಗ ಅದನ್ನ ಮೊದಲ ಯಾರು ನೋಡಿದ್ರು?”

ಅಲ್ಲಿಗೆ ಬಂದವರನ್ನೆಲ್ಲ ಡಾಕ್ಟರು ಕೇಳುವ ಪ್ರಶ್ನೆ ಅದು. ದೇಹ ಬಿಟ್ಟು ಹೋಗಲಿರುವ ಕಾಲು ಮೊದಲು ನೆಲದ ಮೇಲೆ ಗುರುತು ಬಿಡುವುದನ್ನು ನಿಲ್ಲಿಸುತ್ತದೆ, ಹಾಗೆ ನಿಲ್ಲಿಸಿದ ಕಾಲು ಉಳಿದದ್ದಿಲ್ಲ ಎಂಬುದು ಮಕ್ಕಳಿಗೂ ಗೊತ್ತು.

“ನಮ್ಮವ್ವ ನೋಡಿದ್ಲರಿ. ಅಂಗಳದಾಗ ನನ್ನ ಒಂದ ಪಾದ ಮೂಡಿತ್ತು. ಆಕಿ ಸೆರಗಿಲೆ ಅದನ್ನ ಒರಸಿ, ಹೋಗು, ಕುಣದಾಡಿ ಬಾ ಅಂದ್ಲು. ಮರುದಿನ ಕಾಲ ಮ್ಯಾಲ ಕಬ್ಬಿನ ಟ್ರ್ಯಾಕ್ಟರ್ ಹಾಯ್ತು.”

“ಅವರು ಹೇಳಬೇಕಾಗಿತ್ತು,” ಎಂದರು ಡಾಕ್ಟರು. “ಮುಚ್ಚಿಡೋದು ತಪ್ಪು.”

“ನಾನೂ ಭಾಳ ವರ್ಷ ಹಂಗ ಅಂದ್ಕೊಂಡಿದ್ದೆ.”

ಗೋಡೆ ಮುಟ್ಟಿದ ಮೇಲೆ ಡಾಕ್ಟರು ಹೆಜ್ಜೆಗಳ ಫೋಟೊ ತೆಗೆಯಲು ಪಕ್ಕದ ಕೋಣೆಯಿಂದ ಕ್ಯಾಮೆರಾ ತರಹೋದರು. ನೀಲವ್ವ ಹಿಂತಿರುಗಿ ನೋಡಿದಳು. ಅವಳ ಎರಡೂ ಹೆಜ್ಜೆಗಳು, ರಬ್ಬರಿನದೂ ಸೇರಿ, ಸ್ಪಷ್ಟವಾಗಿ ಮೂಡಿದ್ದವು. ಪಕ್ಕದಲ್ಲಿ ಡಾಕ್ಟರ ಬಲಗಾಲಿನ ಗುರುತು ಮಾತ್ರ ಇತ್ತು. ಎಡಗಾಲು ಬಿದ್ದ ಕಡೆಯಲ್ಲೆಲ್ಲ ಬೂದಿ ಕದಡಿರಲೇ ಇಲ್ಲ.

ಅವರು ಮರಳಿ ಬರುವಷ್ಟರಲ್ಲಿ ನೀಲವ್ವ ಕುಂಟುತ್ತ, ಬಾಗುತ್ತ, ಎಲ್ಲವನ್ನೂ ಸೆರಗಿನಿಂದ ಒರೆಸಿಬಿಟ್ಟಿದ್ದಳು.

“ಯಾಕ್ರಿ ಒರಸಿದ್ರಿ?”

“ಸಾಹೇಬ್ರ, ಇವತ್ತ ಮನೀಗೆ ನಡಕೋತ ಹೋಗ್ರಿ. ಹವಾ ಛಲೋ ಐತಿ.”

ಡಾಕ್ಟರು ಬಾಗಿಲಲ್ಲೇ ನಿಂತರು. ತಮ್ಮ ಪಾದಗಳನ್ನು ನೋಡಿಕೊಂಡರು. ಬೂದಿಯ ಮೇಲೆ ಕಾಲಿಡಲಿಲ್ಲ.