ಅತ್ತೆಯ ಭಾನುವಾರಗಳು

ಚಿಂತಾಮಣಿ ಕಡೆಯ ರೈಲು ಹೊರಟು, ಕೊನೆಯ ಡಬ್ಬಿ ಮರೆಯಾಗುವವರೆಗೂ ಆದಿಲಕ್ಷ್ಮಿ ಚಿಕ್ಕಬಳ್ಳಾಪುರದ ಪ್ಲಾಟ್‌ಫಾರಂನಿಂದ ಅಲುಗಲಿಲ್ಲ. ಏನೋ ಮರೆತೆನೆಂದು ಅತ್ತೆ ಇಳಿದುಬಿಟ್ಟರೆ? ಇಳಿಯಲಿಲ್ಲ. ಕಿಟಕಿಯಿಂದ ಕೈ ಬೀಸಿದರು. ಸೊಸೆಯೂ ಬೀಸಿದಳು. ಆಮೇಲೆ ಸೆರಗು ಸರಿಮಾಡಿಕೊಂಡು ಕಂದವಾರ ಕೆರೆಯ ಕಡೆ ಬಿರಬಿರನೆ ನಡೆದಳು.

ಏರಿಯ ಮೇಲೆ ಮುನಿಶಾಮಿ ಕಾಯುತ್ತಿದ್ದ. ಅವನು ಗೌರಿಬಿದನೂರಿನ ಪಕ್ಕದ ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಪ್ರತಿ ಭಾನುವಾರ ಅಲ್ಲಿಂದ ಬಸ್ಸಿನಲ್ಲಿ ಬರುತ್ತಿದ್ದ. ಅವನು ಪಶ್ಚಿಮದಿಂದ ಬರುತ್ತಿದ್ದುದರಿಂದ ಅತ್ತೆಯ ಪ್ರವಾಸಗಳೆಲ್ಲ ಪೂರ್ವಕ್ಕೆ. ಪಶ್ಚಿಮಕ್ಕಿರುವ ವಿದುರಾಶ್ವತ್ಥ ನೋಡಬೇಕೆಂದು ಅತ್ತೆ ಅಮ್ಮಾಜಮ್ಮ ಒಮ್ಮೆ ಆಸೆಪಟ್ಟಾಗ, ಅಲ್ಲಿ ಕೋತಿಗಳ ಕಾಟವೆಂದು ಸೊಸೆ ಹೆದರಿಸಿದ್ದಳು.

ಎಲ್ಲಿಗೆ, ಯಾವಾಗ, ಹೇಗೆ ಎಂಬುದನ್ನೆಲ್ಲ ಗೊತ್ತುಮಾಡುತ್ತಿದ್ದವಳು ಆದಿಲಕ್ಷ್ಮಿಯೇ. ಒಂದು ವಾರ ಶಿಡ್ಲಘಟ್ಟ. ಇನ್ನೊಂದು ವಾರ ಚಿಂತಾಮಣಿಯಲ್ಲಿ ಇಳಿದು ಬಸ್ಸು ಹಿಡಿದು ಯೋಗಿ ತಾತಯ್ಯನ ಮಠವಿರುವ ಕೈವಾರ. ಚಿಕ್ಕಬಳ್ಳಾಪುರದಿಂದಲೇ ಬಸ್ಸು ಹತ್ತಿದರೆ ಬೇಗ ತಲುಪಬಹುದಿತ್ತು. ಅದಕ್ಕೇ ಅವಳು ರೈಲನ್ನು ಆರಿಸುತ್ತಿದ್ದಳು. ಆ ಪುಟ್ಟ ರೈಲು ಎತ್ತಿನ ಗಾಡಿಗೂ ದಾರಿ ಬಿಟ್ಟು ಹೋಗುತ್ತದೆಂದು ಊರಿನವರ ತಮಾಷೆ.

“ಮಧ್ಯಾಹ್ನದ ಬಿಸಿಲಲ್ಲಿ ಹೊರಡ್ಬೇಡಿ ಅತ್ತೆ, ತಲೆ ಸುತ್ತುತ್ತೆ. ಸಂಜೆ ರೈಲಿಗೇ ಬನ್ನಿ.”

“ಹೆತ್ತ ಮಗಳೂ ಹಿಂಗೆ ಊರು ತೋರ್ಸಲ್ಲಮ್ಮ,” ಎನ್ನುತ್ತಿದ್ದಳು ಎದುರುಮನೆಯ ಅಶ್ವತ್ಥಮ್ಮ, ಇಡೀ ಬೀದಿಗೆ ಕೇಳುವಂತೆ.

ಆ ಹೊಗಳಿಕೆ ಮುಳ್ಳಿನಂತೆ ಚುಚ್ಚುತ್ತಿತ್ತು. ಗಂಡ ಜ್ವರದಲ್ಲಿ ತೀರಿಕೊಂಡಾಗ, ಸೊಸೆಯನ್ನು ತವರಿಗೆ ಅಟ್ಟಿಬಿಡಿ ಎಂದು ನೆಂಟರು ಹೇಳಿದ್ದರು. ಅಮ್ಮಾಜಮ್ಮ ಬಾಗಿಲಿಗೆ ಅಡ್ಡ ನಿಂತಿದ್ದರು. “ಮಗನೂ ಹೋದ. ಇವಳನ್ನೂ ಕಳಿಸಿ ನಾನು ಯಾರ ಮುಖ ನೋಡ್ಲಿ?” ಆಮೇಲೆ ಟೈಪಿಂಗ್ ಕ್ಲಾಸಿಗೆ ಸೇರಿಸಿ, ಅವಳು ಕಚೇರಿಯ ಮೆಟ್ಟಿಲು ಹತ್ತುವಂತೆ ಮಾಡಿದ್ದೂ ಅವರೇ. ಅವರಿಗಿನ್ನೂ ಐವತ್ತು ತುಂಬಿರಲಿಲ್ಲ. ಬೀದಿಯವರು ಮಾತ್ರ ಆಗಲೇ ಅಜ್ಜಿ ಎನ್ನತೊಡಗಿದ್ದರು. ಅಂಥವರಿಗೆ, ನಿಮ್ಮನ್ನು ಬಿಟ್ಟು ಹೋಗುತ್ತೇನೆ ಎಂದು ಹೇಳಲು ಬಾಯಾದರೂ ಹೇಗೆ ಬಂದೀತು?

ಬರಲಿಲ್ಲ. ಆದ್ದರಿಂದ ಹೇಳದೆಯೇ ಕಚೇರಿಗೆ ರಜೆ ಹಾಕಿ, ಮುನಿಶಾಮಿಯೊಂದಿಗೆ ರಿಜಿಸ್ಟರ್ ಮದುವೆ ಮಾಡಿಕೊಂಡು, ಸಂಜೆ ಬಂದು ಅತ್ತೆಗೆ ಮುದ್ದೆ ತಿರುವಿಕೊಟ್ಟಿದ್ದಳು.

“ಕೆರೆ ಏರಿ ಮೇಲೆ ಎಷ್ಟು ದಿನ ಸಂಸಾರ ಮಾಡೋದು?” ಎಂದು ಮುನಿಶಾಮಿ ಈಗ ಕೇಳಿದ. “ಅವರನ್ನೂ ಕರ್ಕೊಂಡು ಬಾ ಅಂದ್ನಲ್ಲ.”

“ಸೊಸೆಯ ಎರಡನೇ ಗಂಡನ ಮನೇಲಿ ಅವರು ಅನ್ನ ಮುಟ್ತಾರಾ?”

ಮುನಿಶಾಮಿ ನೀರಿಗೊಂದು ಕಲ್ಲೆಸೆದ.

ಮೊದಮೊದಲು ಗೊಣಗುತ್ತಾ ರೈಲು ಹತ್ತುತ್ತಿದ್ದ ಅಮ್ಮಾಜಮ್ಮ ಈಚೆಗೆ ಶನಿವಾರವೇ ಸೀರೆ ಇಸ್ತ್ರಿ ಮಾಡಿಸಿಡತೊಡಗಿದ್ದರು. ಕೈವಾರಕ್ಕೆ ಹೋಗಿಬಂದ ಮರುವಾರ ಮತ್ತೆ ಕೈವಾರವೇ ಬೇಕೆಂದರು. ಅದರ ಮರುವಾರವೂ.

“ತಾತಯ್ಯನ ಸನ್ನಿಧಿ ಕಣಮ್ಮ. ಮನಸ್ಸಿಗೆ ಹಿತವಾಗತ್ತೆ.”

ಸೊಸೆ ಹಗುರಾದಳು. ದೇವರೇ ಅತ್ತೆಯನ್ನು ಹಿಡಿದಿಟ್ಟುಕೊಂಡಿದ್ದಾನೆ. ತನಗಿನ್ನು ಹೊಸ ಊರು ಹುಡುಕುವ ಚಿಂತೆಯಿಲ್ಲ.

ಆ ನೆಮ್ಮದಿಯನ್ನು ಕೆಡಿಸಿದವಳು ಅಶ್ವತ್ಥಮ್ಮ. ನಲ್ಲಿಯ ಹತ್ತಿರ ಬಿಂದಿಗೆ ಇಳಿಸಿ ಪಿಸುಗುಟ್ಟಿದಳು: “ನಿಮ್ಮತ್ತೆ ಕೈವಾರದಲ್ಲಿ ಒಬ್ಬ ಗಂಡಸಿನ ಹತ್ರ ಗಂಟೆಗಟ್ಲೆ ಮಾತಾಡ್ತಿದ್ರಂತೆ. ನಮ್ಮ ತಮ್ಮ ನೋಡಿದಾನೆ. ನಂಗೆ ಅರ್ಥವಾಗಲ್ವಾ? ನಿಂಗೆ ಗಂಡು ಹುಡುಕ್ತಿದಾರೆ ಕಣಮ್ಮ. ದೇವರಂಥ ಅತ್ತೆ!”

ಆದಿಲಕ್ಷ್ಮಿ ಅರ್ಧ ತುಂಬಿದ ಬಿಂದಿಗೆಯನ್ನೇ ಎತ್ತಿಕೊಂಡು ಮನೆಗೆ ನಡೆದಳು.

ಮುಂದಿನ ಭಾನುವಾರ ಸಂಜೆ ಅಮ್ಮಾಜಮ್ಮ ರೈಲಿಳಿದು ಬಂದವರೇ ಕಾಲು ತೊಳೆದು, ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡರು.

“ಒಂದು ಮಾತು ಹೇಳ್ಬೇಕು ಕಣಮ್ಮ. ಕೆಂಚಾರ್ಲಹಳ್ಳೀಲಿ ಕೋನಪ್ಪ ಅಂತ ಒಬ್ರಿದಾರೆ. ರೇಷ್ಮೆ ಬೆಳೀತಾರೆ. ಹೆಂಡ್ತಿ ತೀರ್ಕೊಂಡು ಬಹಳ ವರ್ಷ ಆಯ್ತು. ಮಕ್ಕಳಿಲ್ಲ. ವಯಸ್ಸು ಸ್ವಲ್ಪ ಆಗಿದೆ, ಆದ್ರೆ ಮಾತು ಮೆತ್ತಗೆ. ಬುಧವಾರ ಮನೆಗೆ ಬರ್ತಾರೆ.”

“ಯಾಕತ್ತೆ?” ಗೊತ್ತಿದ್ದೂ ಕೇಳಿದಳು.

“ನಿನ್ನ ಒಪ್ಪಿಗೆ ಬೇಕಲ್ಲ. ನೀನು ಬೇಡ ಅಂದ್ರೆ ಇಲ್ಲಿಗೇ ಬಿಟ್ಬಿಡ್ತೀನಿ. ಜನ ಏನಾದ್ರೂ ಅಂದ್ಕೊಳ್ಳಿ, ನಿನ್ನ ಮನಸ್ಸು ನೋಯಬಾರದು.”

ಆದಿಲಕ್ಷ್ಮಿ ಅತ್ತೆಯ ಮಡಿಲಿಗೆ ಮುಖವಿಟ್ಟು ಬಿಕ್ಕಿದಳು. ಎಲ್ಲ ಹೊರಬಿತ್ತು: ಮುನಿಶಾಮಿ, ಕೆರೆ ಏರಿ, ರಿಜಿಸ್ಟರ್ ಮದುವೆ. “ನಿಮ್ಮನ್ನ ವಾರವಾರ ರೈಲು ಹತ್ತಿಸಿದ್ದೂ ಅದಕ್ಕೇ ಅತ್ತೆ. ನನ್ನ ಹೊಟ್ಟೆಗಿಷ್ಟು ಬೆಂಕಿ ಹಾಕ!”

ಅಮ್ಮಾಜಮ್ಮ ಸೆರಗಿನಿಂದ ಅವಳ ಕೆನ್ನೆ ಒರೆಸಿದರು.

“ತಾಳಿ ಎಲ್ಲಿ?”

“ಅವರ ಹತ್ರಾನೇ ಇದೆ.”

“ತರಿಸ್ಕೊಂಡು ಕೊರಳಿಗೆ ಹಾಕ್ಕೋ. ಹುಚ್ಚಿ, ಮೊದಲೇ ಹೇಳ್ಬಾರದಾಗಿತ್ತಾ? ನಿನ್ನ ಗತಿ ಏನು ಅಂತ ನಾನೆಷ್ಟು ಒದ್ದಾಡಿದೀನಿ!”

ಅತ್ತೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಆದಿಲಕ್ಷ್ಮಿ ಮೂಗೊರೆಸಿಕೊಂಡು ತಲೆಯೆತ್ತಿದಳು. ಈಗ ಅವಳಿಗೆ ಆ ಕೆಂಚಾರ್ಲಹಳ್ಳಿಯವರ ಮೇಲೆ ಕನಿಕರ ಹುಟ್ಟಿತ್ತು.

“ಕೋನಪ್ಪನೋರಿಗೆ ಏನಂತ ಹೇಳೋದು ಅತ್ತೆ? ಪಾಪ, ಆಸೆ ಇಟ್ಕೊಂಡಿರ್ತಾರೆ.”

ಅಮ್ಮಾಜಮ್ಮ ತಲೆ ತಗ್ಗಿಸಿ, ಸೀರೆಯ ನೆರಿಗೆ ನೀವುತ್ತಾ ಹೇಳಿದರು:

“ಬರ್ಲಿ ಬಿಡಮ್ಮ. ಅವರು ಕೇಳ್ತಿರೋದು ನನ್ನನ್ನ.”